ಮೊದಲು 12 ಬರಬೇಕೋ, 77 ಬರಬೇಕೋ?

ಮುಕ್ತ ಮಾಹಿತಿ ಭಂಡಾರವಾದ ವಿಕಿಡೇಟಾದ ಕ್ವೆರಿ ಸೇವೆಯಲ್ಲಿ ಬೆಂಗಳೂರಿನ ಲ್ಯಾಟ್-ಲಾಂಗ್ (ಅಕ್ಷಾಂಶ-ರೇಖಾಂಶ) ಕೇಳಿದರೆ ಬರುವ ಉತ್ತರ, ದಶಮಾಂಶದ ಬಾಲ ಕತ್ತರಿಸಿ ಹೇಳುವುದಾದರೆ, ಪಾಯಿಂಟ್(77.59 12.97). ಆವರಣದೊಳಗಿನ ಎರಡು ಸಂಖ್ಯೆಗಳ ನಡುವೆ ಅಲ್ಪವಿರಾಮ ಹಾಕಿ ಗೂಗಲ್ ಮ್ಯಾಪ್ಸ್‌ಗೆ ಕೊಟ್ಟು ನೋಡಿ: ನಾರ್ವೆಯ ಮುಖ್ಯಭೂಮಿಗಿಂತಲೂ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಕಡಲಲ್ಲಿ ಗುರುತು ಬೀಳುತ್ತದೆ. ಎರಡೂ ಕಡೆ ತಪ್ಪಿಲ್ಲ. ಒಂದು ರೇಖಾಂಶವನ್ನು ಮೊದಲು ಬರೆಯುತ್ತದೆ, ಇನ್ನೊಂದು ಅಕ್ಷಾಂಶವನ್ನು ಮೊದಲು ಓದುತ್ತದೆ, ಅಷ್ಟೇ.

ಬೇಸರದ ವಿಷಯವೆಂದರೆ, ಇಲ್ಲಿ ಎರರ್ ಬರುವುದಿಲ್ಲ. ಅಕ್ಷಾಂಶದ ಮಿತಿ 90. ನಮ್ಮ 77 ಆ ಮಿತಿಯೊಳಗೆ ಸಲೀಸಾಗಿ ಕೂರುತ್ತದೆ. ಗುವಾಹಟಿಯ ರೇಖಾಂಶ 91 ದಾಟಿರುವುದರಿಂದ ಅಲ್ಲಿನವರು ಅದಲುಬದಲು ಮಾಡಿದರೆ ಮಿತಿ ಪರೀಕ್ಷಿಸುವ ಯಾವುದೇ ಟೂಲ್ ತಕರಾರು ತೆಗೆಯುತ್ತದೆ. ಆ ಭಾಗ್ಯ ಕರ್ನಾಟಕಕ್ಕಿಲ್ಲ. ನಮ್ಮ ತಪ್ಪು ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ.

ನಕ್ಷೆಯ ಮಾಹಿತಿ ಇಡುವ ಫೈಲ್ ವಿನ್ಯಾಸಗಳಾದ ಜಿಯೋಜೇಸನ್, ಕೆಎಂಎಲ್, ಡೇಟಾಬೇಸ್ ತಂತ್ರಾಂಶಗಳಾದ ಪೋಸ್ಟ್‌ಜಿಐಎಸ್, ಬಿಗ್‌ಕ್ವೆರಿ ಇವೆಲ್ಲ ರೇಖಾಂಶ ಮೊದಲು ಎನ್ನುವ ಪಂಗಡ. ಗ್ರಾಫ್ ಹಾಳೆಯಲ್ಲಿ ಎಕ್ಸ್ ಮೊದಲು, ವೈ ಆಮೇಲೆ ಬರುವಂತೆ. ಹುಡುಕಾಟದ ತಂತ್ರಾಂಶ ಎಲಾಸ್ಟಿಕ್‌ಸರ್ಚ್‌ನದು ಮಾತ್ರ ವಿಚಿತ್ರ: ಒಂದೇ ಫೀಲ್ಡಿಗೆ "12.97,77.59" ಎಂದು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಅಕ್ಷಾಂಶ ಮೊದಲು, [77.59, 12.97] ಎಂದು ಚೌಕ ಆವರಣದಲ್ಲಿ ಕೊಟ್ಟರೆ ರೇಖಾಂಶ ಮೊದಲು. ಮೈಎಸ್‌ಕ್ಯೂಎಲ್ ಡೇಟಾಬೇಸಿನ 8ನೆಯ ಆವೃತ್ತಿಯಲ್ಲಿ 4326 ಎಂಬ ಎಸ್‌ಆರ್‌ಐಡಿ (ಯಾವ ನಿರ್ದೇಶಾಂಕ ಪದ್ಧತಿ ಎಂದು ಹೇಳುವ ಸಂಖ್ಯೆ) ಹಾಕಿದರೆ ಅಕ್ಷಾಂಶವೇ ಮೊದಲು. 5.7ರಲ್ಲಿ ಈ ನಿಯಮ ಇರಲಿಲ್ಲವಾದ್ದರಿಂದ ಹಳೆಯ ಕ್ವೆರಿಗಳು ಹೊಸ ಆವೃತ್ತಿಯಲ್ಲಿ ಎಡವುತ್ತವೆ.

ಪತ್ತೆಹಚ್ಚುವುದು ಮಾತ್ರ ನಮಗೆ ಸುಲಭ. ಕರ್ನಾಟಕದ ಅಕ್ಷಾಂಶ ಸುಮಾರು 11.5ರಿಂದ 18.5, ರೇಖಾಂಶ 74ರಿಂದ 78.6. ಎರಡೂ ಎಲ್ಲೂ ಒಂದರ ಮೇಲೊಂದು ಬರುವುದಿಲ್ಲ. ಅಕ್ಷಾಂಶದ ಕಾಲಮಿನಲ್ಲಿ 70ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಆ ಸಾಲು ತಿರುಗಿದೆ. ಆ ಸಾಲುಗಳನ್ನಷ್ಟೇ ಸರಿಪಡಿಸಿ. ಇಡೀ ಕಾಲಮನ್ನು ಬದಲಿಸಿದರೆ ಸರಿಯಿದ್ದವೂ ಕೆಡುತ್ತವೆ.

ಇದಕ್ಕಿಂತ ಜಾಣ ತಪ್ಪು ಡಿಗ್ರಿ, ನಿಮಿಷ, ಸೆಕೆಂಡಿನದು. 12°58′18″ ಎಂಬುದನ್ನು ದಶಮಾಂಶಕ್ಕೆ ತರಲು 58ನ್ನು 60ರಿಂದ, 18ನ್ನು 3600ರಿಂದ ಭಾಗಿಸಿ ಕೂಡಿಸಬೇಕು: 12.9717. ಟೈಪ್ ಮಾಡುವವರು ಚಿಹ್ನೆಗಳನ್ನು ಕಿತ್ತು 12.5818 ಎಂದು ಬರೆದುಬಿಡುತ್ತಾರೆ. ರೇಖಾಂಶದ 77°35′41″ ಸಹ ಹಾಗೆಯೇ 77.3541 ಆಗುತ್ತದೆ (ಸರಿಯಾದದ್ದು 77.5947). ಬೆಂಗಳೂರು ಸುಮಾರು 50 ಕಿಲೋಮೀಟರ್ ನೈಋತ್ಯಕ್ಕೆ ಜಾರಿ ಕನಕಪುರದ ಹತ್ತಿರ ಬೀಳುತ್ತದೆ. ರಾಜ್ಯದೊಳಗೇ ಇರುವುದರಿಂದ ಮೇಲಿನ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಹಿಡಿಯಲು ಒಂದು ಉಪಾಯವಿದೆ: ಚುಕ್ಕೆಯ ನಂತರದ ಮೂರು, ನಾಲ್ಕನೆಯ ಅಂಕಿಗಳನ್ನು ಜೋಡಿಯಾಗಿ ನೋಡಿ. ನಿಜವಾದ ದಶಮಾಂಶವಾದರೆ ಆ ಜೋಡಿ 00ರಿಂದ 99ರವರೆಗೆ ಎಲ್ಲೂ ಇರಬಹುದು, ನೂರು ಸಾಲಿನಲ್ಲಿ ನಲವತ್ತರ ಆಸುಪಾಸು 60 ಅಥವಾ ಅದಕ್ಕಿಂತ ಹೆಚ್ಚಿರುತ್ತವೆ. ಒಂದೂ 59 ದಾಟದಿದ್ದರೆ ಅವು ಸೆಕೆಂಡುಗಳು.

ವಾಹನಗಳ ಜಿಪಿಎಸ್ ಪೆಟ್ಟಿಗೆಯಿಂದ 1258.3000, 07735.6833 ಎಂದು ಬಂದರೆ ಗಾಬರಿ ಬೇಡ. ಅದು ಜಿಪಿಎಸ್ ಸಾಧನಗಳು ಮಾಹಿತಿ ಕಳಿಸುವ ಎನ್‌ಎಂಇಎ ವಿನ್ಯಾಸ: ಚುಕ್ಕೆಗೆ ಮುಂಚಿನ ಎರಡು ಅಂಕಿ ಮತ್ತು ಚುಕ್ಕೆಯ ನಂತರದ್ದೆಲ್ಲ ಸೇರಿ ನಿಮಿಷ, ಅದಕ್ಕೂ ಹಿಂದಿನದು ಡಿಗ್ರಿ. ಇದನ್ನು 100ರಿಂದ ಭಾಗಿಸಿ ಮುಗಿಸುವವರೂ ಇದ್ದಾರೆ, ಅದು ಮತ್ತೆ ಕನಕಪುರದ ದಾರಿಯೇ. ಇನ್ನು 12:58:18 ಎಂದು ಎಕ್ಸೆಲ್‌ನಲ್ಲಿ ಬರೆದರೆ ಅದು ಮಧ್ಯಾಹ್ನದ ಗಂಟೆ ಎಂದುಕೊಳ್ಳುತ್ತದೆ. ಹಾಗಾಗಿ ಆಮದು ಮಾಡುವ ಮೊದಲೇ ಆ ಕಾಲಮನ್ನು ಪಠ್ಯ ಎಂದು ಗುರುತು ಮಾಡಬೇಕು.

ಸಂಖ್ಯೆಗಳು ಲಕ್ಷಗಳಲ್ಲಿದ್ದರೆ ಅವು ಸಾಮಾನ್ಯವಾಗಿ ಮೀಟರ್‌ಗಳು. ಬೆಂಗಳೂರಿಗೆ 7.81 ಲಕ್ಷ ಮತ್ತು 14.35 ಲಕ್ಷದ ಜೋಡಿ ಬಂದರೆ ಅದು ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ, ಪ್ರತಿ ವಲಯದಲ್ಲೂ ಹೊಸದಾಗಿ ಅಳೆಯುವ ಪದ್ಧತಿ), 86.4 ಲಕ್ಷ ಮತ್ತು 14.6 ಲಕ್ಷ ಬಂದರೆ ವೆಬ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್. ಯುಟಿಎಂ ಆದರೆ ವಲಯದ ಸಂಖ್ಯೆಯೂ ಬೇಕು. ವಲಯ 43 ಮುಗಿಯುವುದು 78 ಡಿಗ್ರಿ ರೇಖಾಂಶದಲ್ಲಿ. ರಾಜ್ಯದ ಬಹುಪಾಲು ಅದರೊಳಗಿದೆ, ಆದರೆ ಕೋಲಾರ ಪಟ್ಟಣ 78.13ರಲ್ಲಿ, ಅಂದರೆ ವಲಯ 44ರಲ್ಲಿದೆ. ವಲಯದ ಕಾಲಮ್ ಬಿಟ್ಟುಹೋಗಿ ಎಲ್ಲವನ್ನೂ 43 ಎಂದು ಓದಿದರೆ ಕೋಲಾರ ಸರಿಯಾಗಿ 6 ಡಿಗ್ರಿ ಪಶ್ಚಿಮಕ್ಕೆ ಸರಿದು, ಮಂಗಳೂರಿನಿಂದ ಸುಮಾರು 300 ಕಿಲೋಮೀಟರ್ ಆಚೆ ಅರಬ್ಬೀ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ.