ರೆಸ್ಟ್ ತಗೊಂಡರೂ ಮಂಡಿನೋವು ವಾಪಸ್ ಬರುವುದೇಕೆ?

ಪ್ರಶ್ನೆ: ಮಂಡಿಚಿಪ್ಪಿನ ಕೆಳಗೆ ನೋವು ಅಂತ ಒಂದು ತಿಂಗಳು ಕರಾಟೆ ಕ್ಲಾಸ್ ಬಿಟ್ಟೆ. ನೋವು ಪೂರ್ತಿ ಹೋಯ್ತು. ವಾಪಸ್ ಹೋದ ಮೂರನೇ ದಿನಕ್ಕೇ ಮತ್ತೆ ಶುರು. ಇನ್ನೂ ಎಷ್ಟು ವಾರ ರೆಸ್ಟ್ ಬೇಕು?

ಉತ್ತರ: ಒಂದು ವಾರವೂ ಬೇಡ. ಕೇಳುವವರ ಬೆಲ್ಟಿನ ಬಣ್ಣ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳಿಬಿಡೋಣ.

ಮೊದಲು ನೋವಿನ ಜಾಗವನ್ನು ಒಂದೇ ಬೆರಳಿನಲ್ಲಿ ತೋರಿಸಿ. ಬೆರಳು ನೇರವಾಗಿ ಚಿಪ್ಪಿನ ಕೆಳತುದಿಗೆ ಹೋಯಿತೇ? ಮೆಟ್ಟಿಲು ಇಳಿಯುವಾಗ, ಜಿಗಿದು ನೆಲಕ್ಕೆ ಬರುವಾಗ ನೋವು ಹೆಚ್ಚೇ? ಮೈ ಬಿಸಿಯಾದ ಮೇಲೆ ಕಡಿಮೆಯಾಗಿ ಮರುದಿನ ಬೆಳಗ್ಗೆ ಬಡ್ಡಿ ಸಮೇತ ಬರುತ್ತದೆಯೇ? ಹಾಗಿದ್ದರೆ ಅದು ಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟಿರುವ ಟೆಂಡನ್ ನೋವು. ಪಠ್ಯಪುಸ್ತಕದಲ್ಲಿ ಸ್ನಾಯುರಜ್ಜು, ಜನರ ಬಾಯಲ್ಲಿ ಬರೀ ‘ನರ’. ಮಂಡಿ ಊದಿದ್ದರೆ, ಮಧ್ಯದಲ್ಲಿ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ ಅದು ಬೇರೆ ಕಥೆ, ಮೂಳೆ ಡಾಕ್ಟರಿಗೆ ತೋರಿಸಿ. ‘ಟಪ್’ ಎಂದ ಮೇಲೆ ಮಂಡಿ ನೆಟ್ಟಗಿಟ್ಟು ಕಾಲೆತ್ತಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: ‘ನೋವು ಹೋಯಿತು ಎಂದರೆ ವಾಸಿಯಾಯಿತು.’ ಸ್ವಿಚ್ ಆಫ್ ಮಾಡಿದ ಮಿಕ್ಸಿ ಸದ್ದು ಮಾಡುವುದಿಲ್ಲ. ಅದನ್ನು ರಿಪೇರಿ ಎನ್ನುತ್ತೀರಾ? ಆ ಒಂದು ತಿಂಗಳು ಟೆಂಡನ್‌ಗೆ ನೀವು ಕೆಲಸವನ್ನೇ ಕೊಡಲಿಲ್ಲ, ಅದು ದೂರು ಹೇಳಲಿಲ್ಲ, ಅಷ್ಟೇ. ಚರ್ಮದ ಗಾಯ ಸುಮ್ಮನಿದ್ದರೆ ಕೂಡುತ್ತದೆ. ಟೆಂಡನ್ ಹಾಗಲ್ಲ. ಅದಕ್ಕೆ ರಕ್ತ ಪೂರೈಕೆ ಕಡಿಮೆ, ಅದರ ಜೀವಕೋಶಗಳು ಹೊಸ ಕೊಲಾಜನ್ (ಟೆಂಡನ್‌ನ ನಾರಾಗುವ ಪ್ರೋಟೀನ್) ನೇಯಲು ಎಳೆತ ಬೇಕು. ಎಳೆತವಿಲ್ಲದಿದ್ದರೆ ಟೆಂಡನ್‌ನ ಬಿಗುವು ಕುಗ್ಗುತ್ತದೆ, ತೊಡೆಯ ಸ್ನಾಯುವೂ ಸೊರಗುತ್ತದೆ. ಅಂದರೆ ರಜೆ ಮುಗಿಸಿ ಡೋಜೊಗೆ (ಕರಾಟೆ ಶಾಲೆಗೆ) ಬಂದವರ ಮಂಡಿ ಹೋದಾಗಿನದ್ದಕ್ಕಿಂತ ದುರ್ಬಲ, ಸೆನ್ಸಾಯ್, ಅಂದರೆ ಗುರುಗಳು, ಎಣಿಸುವ ಕಿಕ್‌ಗಳು ಮಾತ್ರ ಅಷ್ಟೇ. ಮೂರನೇ ದಿನದ ನೋವಿನಲ್ಲಿ ಆಶ್ಚರ್ಯವೇನು?

ವಿಶ್ರಾಂತಿ, ಐಸ್, ಪಟ್ಟಿ, ಕಾಲು ಮೇಲಿಡುವುದು ಎಂಬ ನಾಲ್ಕು ಅಂಶದ ಸೂತ್ರವನ್ನು 1978ರಲ್ಲಿ ಹೆಸರಿಟ್ಟು ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಚೇತರಿಕೆಯನ್ನು ತಡಮಾಡಬಹುದು ಎಂದು 2014ರಲ್ಲಿ ತಿದ್ದಿಕೊಂಡರು. ಅದೂ ಆಗಷ್ಟೇ ಆದ ಉಳುಕಿಗೆ ಹೇಳಿದ ಸೂತ್ರ. ತಿಂಗಳುಗಟ್ಟಲೆ ಕೊರೆಯುವ ಟೆಂಡನ್‌ಗೆ ಅದನ್ನು ಹಚ್ಚಿದ್ದು ನಾವು.

ಹಾಗಾದರೆ ಮಾಡುವುದೇನು? ಜಿಗಿತ, ಕುಮಿತೆಯ (ಎದುರಾಳಿಯೊಂದಿಗಿನ ಸೆಣಸಾಟದ) ಕುಣಿತ, ತೀರಾ ಆಳದ ನಿಲುವುಗಳನ್ನು ಸದ್ಯಕ್ಕೆ ಬಿಡಿ. ಪಂಚ್, ಬ್ಲಾಕ್, ಸ್ವಲ್ಪ ಎತ್ತರದ ನಿಲುವಿನಲ್ಲಿ ಕಟಾ (ಒಬ್ಬರೇ ಮಾಡುವ ಕ್ರಮಬದ್ಧ ಚಲನೆಗಳು) ನಡೆಯಲಿ. ಕ್ಲಾಸ್ ತಪ್ಪಿಸಬೇಡಿ.

ಮೊದಲ ಒಂದೆರಡು ವಾರ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ಅರ್ಧ ಇಳಿದು 45 ಸೆಕೆಂಡ್ ಅಲುಗಾಡದೆ ನಿಲ್ಲಿ. ಎರಡು ನಿಮಿಷ ಬಿಟ್ಟು ಮತ್ತೆ, ಒಟ್ಟು 5 ಸಲ. ತೊಡೆ ನಡುಗುವಷ್ಟು ಕಷ್ಟವಾಗಬೇಕು. ಆಗದಿದ್ದರೆ ಒಂದು ಕಾಲಿಗೆ ಹೆಚ್ಚು ಭಾರ ಬಿಡಿ. ಇದರಿಂದ ಹಲವರಿಗೆ ನೋವೂ ಸ್ವಲ್ಪ ಹೊತ್ತು ತಗ್ಗುತ್ತದೆ.

ಆಮೇಲೆ ನಿಧಾನದ ಬಸ್ಕಿ. ಮೂರು ಎಣಿಸುತ್ತಾ ಇಳಿಯಿರಿ, ಮೂರು ಎಣಿಸುತ್ತಾ ಏಳಿ. 15ರಂತೆ 4 ಸುತ್ತು, ವಾರಕ್ಕೆ ಮೂರು ದಿನ. ವಾರಗಳು ಕಳೆದಂತೆ ಭಾರ ಏರಿಸಿ, ಎಣಿಕೆಯನ್ನು 12, 10, 8, ಕೊನೆಗೆ 6ಕ್ಕೆ ಇಳಿಸಿ. ಜಿಮ್ ಇಲ್ಲದಿದ್ದರೆ ಬ್ಯಾಗಿಗೆ 10 ಕೆಜಿ ಅಕ್ಕಿ ತುಂಬಿ ಬೆನ್ನಿಗೆ ಹಾಕಿ. ಅದು ಹಗುರವೆನಿಸಿದ ದಿನ ಒಂಟಿ ಕಾಲಿಗೆ ಬನ್ನಿ. ಕನಿಷ್ಠ 12 ವಾರ ಬೇಕು. ಹೌದು, ಹನ್ನೆರಡು.

ಎಲ್ಲರೂ ಎಡವುವುದು ‘ವಾರಕ್ಕೆ ಮೂರು ದಿನ’ದಲ್ಲಿ. ಭಾರ ಹಾಕಿದ ಮೊದಲ 24ರಿಂದ 36 ಗಂಟೆ ಟೆಂಡನ್‌ನಲ್ಲಿ ಕೊಲಾಜನ್ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚು, ಲಾಭ ಆಮೇಲೆ. ಮರುದಿನವೇ ಮತ್ತೆ ಭಾರ ಹಾಕಿದರೆ ಗಾರೆ ಒಣಗುವ ಮುಂಚೆ ಗೋಡೆ ಒದ್ದಂತೆ. ‘ಗರಡಿ ಮನೆಯವರು ದಿನಾ ನೂರಾರು ಬಸ್ಕಿ ಹೊಡೀತಾರಲ್ಲ’ ಎಂದು ವಾದಿಸುವವರಿಗೆ: ಅವರು ಅದಕ್ಕೆ ವರ್ಷಗಟ್ಟಲೆ ಮೈ ಪಳಗಿಸಿಕೊಂಡಿರುತ್ತಾರೆ, ನೀವು ನೋವಿರುವ ಮಂಡಿಯಲ್ಲಿ ಶುರು ಮಾಡುತ್ತಿದ್ದೀರಿ.

ನೋವೇ ಇರಬಾರದು ಎಂದೂ ಇಲ್ಲ. ಹತ್ತರಲ್ಲಿ ಮೂರರವರೆಗೆ ಇದ್ದರೆ ಮುಂದುವರಿಸಿ. ತೀರ್ಪು ಮರುದಿನ ಬೆಳಗಿನದು: ದಿನಾ ಒಂಟಿ ಕಾಲಲ್ಲಿ ಒಂದು ಅರ್ಧ ಬಸ್ಕಿ ಹಾಕಿ ನೋಡಿ. ನಿನ್ನೆಗಿಂತ ಹೆಚ್ಚು ನೋವಿದ್ದರೆ ಭಾರ ಒಂದು ಮೆಟ್ಟಿಲು ಇಳಿಸಿ, ನಿಲ್ಲಿಸಬೇಡಿ. ಕ್ಲಾಸಿಗೆ ಮುಂಚೆ ನೋವಿನ ಮಾತ್ರೆ ನುಂಗಿದರೆ ಈ ಅಳತೆಗೋಲೇ ಮುರಿಯುತ್ತದೆ. ಟೂರ್ನಮೆಂಟ್ ಹತ್ತಿರ ಬಂತೆಂದು ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಹೋಗುವುದು ಇನ್ನೂ ಕೆಟ್ಟದ್ದು. ಕೆಲವು ವಾರ ಹಾಯೆನಿಸುತ್ತದೆ, ಟೆಂಡನ್ ಹರಿಯುವ ಅಪಾಯ ಮಾತ್ರ ಉಳಿಯುತ್ತದೆ. ಎಣ್ಣೆ ತಿಕ್ಕುವುದರಿಂದ, ನೀ ಕ್ಯಾಪ್‌ನಿಂದ ನಷ್ಟವಿಲ್ಲ, ವಾಸಿಯೂ ಇಲ್ಲ.

ಭಾರದ ಬಸ್ಕಿ ತಕರಾರಿಲ್ಲದೆ ಸಾಗಿದ ಮೇಲೆ ಜಿಗಿತಕ್ಕೆ ಬನ್ನಿ. ನಿಮಿಷ ಲೆಕ್ಕ ಹಾಕಬೇಡಿ, ನೆಲಕ್ಕೆ ಕಾಲು ಬಿದ್ದ ಸಲ ಎಣಿಸಿ: ಎರಡೂ ಕಾಲಲ್ಲಿ 30ರಿಂದ ಶುರು, ವಾರಕ್ಕೆ ಎರಡು ದಿನ, ಆಮೇಲೆ ಒಂಟಿ ಕಾಲು. ಕುಮಿತೆ ಕೊನೆಗೆ, ಏಕೆಂದರೆ ಕುಣಿಯುತ್ತಾ ಕಾಯುವ ಎರಡು ನಿಮಿಷದಲ್ಲೇ ಎಣಿಕೆ ನೂರು ದಾಟುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ, ಆದರೆ ಕೇಳಲೇಬೇಕಾದದ್ದು: ಅದೇ ಕ್ಲಾಸಿನ ಹನ್ನೊಂದು ವರ್ಷದ ಹುಡುಗನಿಗೂ ಮಂಡಿ ಕೆಳಗೆ ನೋವು. ಬೆರಳು ಇಡಿಸಿ ನೋಡಿ, ಚಿಪ್ಪಿಗಿಂತ ಎರಡು ಬೆರಳು ಕೆಳಗೆ, ಮೂಳೆಯ ಉಬ್ಬಿನ ಮೇಲೆ ತೋರಿಸುತ್ತಾನೆ. ಇದು ಆಸ್‌ಗುಡ್–ಶ್ಲಾಟರ್ ಎಂಬ ಸಮಸ್ಯೆ. ಸುಮಾರು 10ರಿಂದ 15ರ ವಯಸ್ಸಿನಲ್ಲಿ, ಬೆಳೆಯುತ್ತಿರುವ ಮೃದು ಮೂಳೆಯನ್ನು ಟೆಂಡನ್ ಎಳೆದೆಳೆದು ಬರುವ ನೋವು. ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ಹೋಗುತ್ತದೆ, ಉಬ್ಬು ಉಳಿದರೂ ತೊಂದರೆಯಿಲ್ಲ. ದೊಡ್ಡವರ ಭಾರದ ಪಟ್ಟಿಯನ್ನು ಅವನಿಗೆ ಹಚ್ಚಬೇಡಿ. ತಡವಾಗಿ ಬಂದದ್ದಕ್ಕೆ ಸಿಮೆಂಟ್ ನೆಲದ ಮೇಲೆ ಕಪ್ಪೆ ಜಿಗಿತದ ಶಿಕ್ಷೆಯನ್ನಂತೂ ಇವತ್ತೇ ನಿಲ್ಲಿಸಿ. ಸೇಜಾದಲ್ಲಿ ಮಂಡಿಯೂರಿ ಕೂರುವಾಗ ಆ ಉಬ್ಬು ನೇರ ನೆಲಕ್ಕೆ ಒತ್ತುತ್ತದೆ. ಕೆಳಗೆ ಮಡಚಿದ ಟವೆಲ್ ಹಾಕಿ. ಚಕ್ಕಳಮಕ್ಕಳ ಹಾಕಿ ಕೂತು ತಲೆಬಾಗಿದರೂ ಸೆನ್ಸಾಯ್‌ಗೇನೂ ಅಗೌರವವಾಗುವುದಿಲ್ಲ.