ಆಕ್ಸೆಂಟ್ ಹಾಕಿದ ಕೂಡಲೇ ಲಯ ಯಾಕೆ ಜಾರುತ್ತದೆ?

ಪ್ರಶ್ನೆ: ಮೆಟ್ರೋನೋಮ್ (ಸಮನಾಗಿ ಕ್ಲಿಕ್ ಕೊಡುವ ಲಯಯಂತ್ರ) ಹಾಕಿಕೊಂಡು ಸ್ನೇರ್ ಡ್ರಮ್ ಮೇಲೆ ಒಂದೇ ಸಮನೆ ನುಡಿಸಿದರೆ ಲಯ ಸರಿಯಾಗಿಯೇ ಇರುತ್ತದೆ. ನಡುವೆ ಒಂದೊಂದು ಪೆಟ್ಟಿಗೆ ಆಕ್ಸೆಂಟ್ ಕೊಟ್ಟರೆ, ಅಂದರೆ ಅದನ್ನು ಉಳಿದವಕ್ಕಿಂತ ಎದ್ದು ಕೇಳಿಸುವ ಹಾಗೆ ನುಡಿಸಿದರೆ ಸಾಕು, ಹಿಂದೆ ಮುಂದೆ ಆಗುತ್ತದೆ. ಇನ್ನೂ ಜೋರಾಗಿ ಹೊಡೆದು ಅಭ್ಯಾಸ ಮಾಡಬೇಕಾ?

ಉತ್ತರ: ಬೇಡ. ದಯವಿಟ್ಟು ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ, ಬಂದಾಗಲೆಲ್ಲ ಅದರ ಬಾಲದಲ್ಲಿ ಈ ‘ಜೋರಾಗಿ’ ಅನ್ನುವ ಮಾತು ಇದ್ದೇ ಇರುತ್ತದೆ. ಲಯ ಜಾರುವುದಕ್ಕೆ ಕಾರಣವೂ ಅದೇ. ಹಾಗಾಗಿ ಇವತ್ತು ಅದನ್ನೇ ಪೂರ್ತಿ ಬಿಡಿಸಿ ನೋಡೋಣ.

ಆಕ್ಸೆಂಟ್ ಅಂದರೆ ಬಲ ಹಾಕಿ ಹೊಡೆಯುವುದು ಅಂತ ಬಹಳ ಜನ ನಂಬಿದ್ದಾರೆ. ಸರಿ, ಈಗಲೇ ಅಭ್ಯಾಸದ ಪ್ಯಾಡ್ ಮುಂದೆ ಕೂತುಕೊಳ್ಳಿ. ಸ್ಟಿಕ್‌ನ ತುದಿಯನ್ನು ಪ್ಯಾಡ್‌ನಿಂದ 5 ಸೆಂಟಿಮೀಟರ್ ಮೇಲೆ ಹಿಡಿಯಿರಿ. ಅದಕ್ಕಿಂತ ಮೇಲೆ ಎತ್ತದೆ, ಇರುವ ಶಕ್ತಿಯೆಲ್ಲ ಹಾಕಿ ಹೊಡೆಯಿರಿ. ಏನಾಯಿತು? ಶಬ್ದ ಗಿಡ್ಡವಾಗಿ ಬಂತು, ಮಣಿಕಟ್ಟು ಬಿಗಿಯಿತು, ಭುಜ ಮೇಲೆ ಹೋಯಿತು. ಈಗ ಅದೇ ತುದಿಯನ್ನು 30 ಸೆಂಟಿಮೀಟರ್ ಎತ್ತಿ, ಬೆರಳು ಸಡಿಲ ಬಿಟ್ಟು, ಮಣಿಕಟ್ಟಿನಿಂದ ಸುಮ್ನೆ ಕೆಳಗೆ ಎಸೆಯಿರಿ. ಶಬ್ದ ದೊಡ್ಡದಾಗಿ, ಬಿಚ್ಚಿಕೊಂಡು ಬರುತ್ತದೆ. ಕೈಗೆ ಒಂಚೂರೂ ಆಯಾಸವಿಲ್ಲ.

ಇದರಲ್ಲಿ ಜಾದೂ ಏನೂ ಇಲ್ಲ. ಪೆಟ್ಟು ಎಷ್ಟು ದೊಡ್ಡದು ಅನ್ನುವುದು, ಡ್ರಮ್ಮಿನ ಚರ್ಮಕ್ಕೆ ತಾಗುವ ಗಳಿಗೆಯಲ್ಲಿ ಸ್ಟಿಕ್ ಎಷ್ಟು ವೇಗದಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ವೇಗ ಕೂಡಿಕೊಳ್ಳಲು ದಾರಿ ಬೇಕು. ಐದು ಸೆಂಟಿಮೀಟರ್ ದಾರಿಯಲ್ಲಿ ಎಷ್ಟು ಹಲ್ಲು ಕಚ್ಚಿದರೂ ವೇಗ ಕೂಡುವುದಿಲ್ಲ. ಅದರ ಮೇಲೆ, ಬಿಗಿಯಾಗಿ ಹಿಡಿದ ಸ್ಟಿಕ್ ಚರ್ಮವನ್ನು ಒತ್ತಿ ಹಿಡಿಯುತ್ತದೆ. ಹೊಡೆದ ಕೈಯೇ ಶಬ್ದದ ಬಾಯಿ ಮುಚ್ಚುತ್ತದೆ.

ಇಲ್ಲಿಗೆ ಬಂದಾಗ ಎರಡು ಆಕ್ಷೇಪಣೆ ಬಂದೇ ಬರುತ್ತವೆ. ಮೊದಲನೆಯದು: ವೇದಿಕೆ ಮೇಲೆ ದೊಡ್ಡ ದೊಡ್ಡ ಡ್ರಮ್ಮರ್‌ಗಳು ಬಲ ಹಾಕಿ ಬಾರಿಸುತ್ತಾರಲ್ಲ? ಆ ವಿಡಿಯೋವನ್ನು ನಿಧಾನ ಮಾಡಿ ನೋಡಿ. ಅವರ ಮುಖ ನೋಡಬೇಡಿ, ಸ್ಟಿಕ್‌ನ ತುದಿ ನೋಡಿ. ಆಕ್ಸೆಂಟ್ ಬೀಳುವುದಕ್ಕೆ ಎಷ್ಟೋ ಮೊದಲೇ ಅದು ಮೇಲೆ ಹೋಗಿ ಕಾಯುತ್ತಿರುತ್ತದೆ. ನಿಮಗೆ ಬಲದ ಹಾಗೆ ಕಂಡದ್ದು ಎತ್ತರ. ಎರಡನೆಯದು: ನುಡಿಸುವ ವೇಗ ಜಾಸ್ತಿ ಆದಾಗ ಅಷ್ಟು ಎತ್ತಲು ಟೈಮ್ ಎಲ್ಲಿದೆ? ಆಗ ಆಕ್ಸೆಂಟ್‌ನ ಎತ್ತರವೂ ಇಳಿಯುತ್ತದೆ, ಉಳಿದ ಪೆಟ್ಟುಗಳ ಎತ್ತರ ಇನ್ನೂ ಕೆಳಗೆ ಇಳಿಯುತ್ತದೆ. ಕಿವಿಗೆ ಬೇಕಾದದ್ದು ಎರಡರ ನಡುವಿನ ಅಂತರ ಮಾತ್ರ. ಸಂತೆಯಲ್ಲಿ ಕೂಗಿದರೂ ಕೇಳಿಸದ ಮಾತು, ನಿಶ್ಶಬ್ದವಾದ ಕೋಣೆಯಲ್ಲಿ ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ, ಅಲ್ವಾ? ಸಣ್ಣ ಪೆಟ್ಟುಗಳನ್ನು ಸಣ್ಣದಾಗಿ ಇಡಲು ಕಲಿತವರಿಗೆ ಆಕ್ಸೆಂಟ್ ಅರ್ಧ ಕಲಿತ ಹಾಗೆಯೇ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಈ ಸಣ್ಣ ಪೆಟ್ಟನ್ನೇ. ಬೇಜಾರಾಗುತ್ತದೆ ಅಂತಾರೆ, ಆದರೂ ಬಿಡುವುದಿಲ್ಲ. ಆಮೇಲೆ ಅವರ ಕೈಯಲ್ಲಿ ಆಕ್ಸೆಂಟ್ ಎದ್ದು ಕೇಳಿಸುವಾಗ ಆಗುವ ಖುಷಿಯೇ ಬೇರೆ.

ಈಗ ಲಯದ ವಿಷಯ. ಯಾವುದೇ ವಸ್ತುವನ್ನು 30 ಸೆಂಟಿಮೀಟರ್ ಮೇಲಿನಿಂದ ಸುಮ್ನೆ ಬಿಟ್ಟರೆ ಕೆಳಗೆ ಬೀಳಲು ಸುಮಾರು ಕಾಲು ಸೆಕೆಂಡ್ ಬೇಕು. 5 ಸೆಂಟಿಮೀಟರ್‌ನಿಂದ ಬಿಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ನಾವು ಸ್ಟಿಕ್ಕನ್ನು ಬೀಳಿಸುವುದಿಲ್ಲ, ಎಸೆಯುತ್ತೇವೆ, ಆದ್ದರಿಂದ ಅಷ್ಟು ಹೊತ್ತು ಹಿಡಿಯುವುದಿಲ್ಲ. ಆದರೂ ದೂರದ ದಾರಿ ದೂರದ್ದೇ. ಆಕ್ಸೆಂಟ್ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಸ್ಟಿಕ್ ಎತ್ತಿದರೆ ಪೆಟ್ಟು ತಡವಾಗುತ್ತದೆ. ತಡವಾಯಿತು ಅಂತ ಮುಂದಿನ ಪೆಟ್ಟುಗಳನ್ನು ಓಡಿಸುತ್ತೀರಿ. ಅಥವಾ ಆಕ್ಸೆಂಟ್ ಆದಮೇಲೆ ಸ್ಟಿಕ್ ಪುಟಿದು ಮೇಲೆಯೇ ಉಳಿಯುತ್ತದೆ, ಮುಂದಿನ ಸಣ್ಣ ಪೆಟ್ಟು ಆ ಎತ್ತರದಿಂದ ಬಿದ್ದು ದೊಡ್ಡದೂ ಆಗುತ್ತದೆ, ತಡವೂ ಆಗುತ್ತದೆ. ನಿಮ್ಮ ಲಯಜ್ಞಾನ ಚೆನ್ನಾಗಿಯೇ ಇದೆ. ಸ್ಟಿಕ್ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಆದ್ದರಿಂದ ಪ್ರತಿ ಪೆಟ್ಟಿಗೂ ಎರಡು ವಿಷಯ ಗೊತ್ತಿರಬೇಕು: ಎಲ್ಲಿಂದ ಹೊರಡಬೇಕು, ಹೊಡೆದಮೇಲೆ ಎಲ್ಲಿ ನಿಲ್ಲಬೇಕು. ಮೇಲಿಂದ ಹೊರಟು ಮೇಲೆಯೇ ವಾಪಸ್ ಬಂದರೆ ಫುಲ್ ಸ್ಟ್ರೋಕ್. ಮೇಲಿಂದ ಬಂದು ಕೆಳಗೆ ನಿಂತರೆ ಡೌನ್ ಸ್ಟ್ರೋಕ್. ಕೆಳಗಿಂದ ಕೆಳಗೆ ಅಂದರೆ ಟ್ಯಾಪ್. ಕೆಳಗಿಂದ ಸಣ್ಣದಾಗಿ ಹೊಡೆದು ಮೇಲೆ ಹೋದರೆ ಅಪ್ ಸ್ಟ್ರೋಕ್. ಜನ ನಿರ್ಲಕ್ಷ್ಯ ಮಾಡುವುದು ಈ ಕೊನೆಯದನ್ನೇ, ಆದರೆ ಆಕ್ಸೆಂಟ್ ನಿಜವಾಗಿ ತಯಾರಾಗುವುದು ಅಲ್ಲೇ.

ಮಾಡಿ ನೋಡೋಣ. ಮೆಟ್ರೋನೋಮ್ 60ಕ್ಕೆ ಇಡಿ, ಅಂದರೆ ನಿಮಿಷಕ್ಕೆ 60 ಕ್ಲಿಕ್. ಒಂದು ಕ್ಲಿಕ್‌ಗೆ ನಾಲ್ಕು ಪೆಟ್ಟು, ಬಾಯಲ್ಲಿ ‘ತ ಕ ಧಿ ಮಿ’. ಬಲಗೈ, ಎಡಗೈ, ಬಲಗೈ, ಎಡಗೈ. ಎರಡು ಪೆಟ್ಟುಗಳ ನಡುವೆ ಕಾಲು ಸೆಕೆಂಡ್. ಆದರೆ ಒಂದೊಂದು ಕೈಗೆ ಅದರ ಮುಂದಿನ ಪೆಟ್ಟಿನ ತನಕ ಅರ್ಧ ಸೆಕೆಂಡ್ ಸಿಗುತ್ತದೆ. ಟೈಮ್ ಧಾರಾಳವಾಗಿದೆ. ‘ತ’ಕ್ಕೆ ಆಕ್ಸೆಂಟ್ ಇಡಬೇಕು ಅಂದುಕೊಳ್ಳಿ. ಬಲಗೈ ‘ತ’ದಲ್ಲಿ ಡೌನ್ ಹೊಡೆದು ಕೆಳಗೆ ನಿಲ್ಲುತ್ತದೆ. ‘ಧಿ’ಯನ್ನು ಮೆಲ್ಲಗೆ ನುಡಿಸಿ ಹಾಗೆಯೇ ಮೇಲೆ ಹೋಗುತ್ತದೆ. ‘ಮಿ’ ಬಾರಿಸುತ್ತಿರುವುದು ಎಡಗೈ. ಆ ಹೊತ್ತಿಗೆ ಬಲಗೈ ಮೇಲೆ ತಯಾರಾಗಿ ನಿಂತಿರುತ್ತದೆ. ಎಡಗೈಗೆ ಬರೀ ಟ್ಯಾಪ್. ಆಕ್ಸೆಂಟ್ ‘ಕ’ಕ್ಕೆ ಹೋದರೆ ಎಡಗೈ ‘ಕ’ದಲ್ಲಿ ಡೌನ್, ‘ಮಿ’ಯಲ್ಲಿ ಅಪ್. ಬಲಗೈಗೆ ಬರೀ ಟ್ಯಾಪ್. ಉಳಿದ ಎರಡನ್ನು ನೀವೇ ಹುಡುಕಿಕೊಳ್ಳಿ, ಹುಡುಕಿದರೇನೇ ಕೈಗೆ ಹತ್ತುತ್ತದೆ.

ಪ್ಯಾರಾಡಿಡಲ್ ಅನ್ನುವ ಕೈಪಾಠದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಕೈಗಳ ಕ್ರಮ ಹೀಗೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಆಕ್ಸೆಂಟ್ ಪ್ರತಿ ನಾಲ್ಕರ ಮೊದಲನೆಯದಕ್ಕೆ. ಬಲಗೈ ಆಕ್ಸೆಂಟ್ ಹೊಡೆದ ಮರುಗಳಿಗೆಯೇ ಎಡಗೈನ ಆ ಪುಟ್ಟ ಪೆಟ್ಟು ಬರುತ್ತದಲ್ಲ, ಅದು ಅಪ್ ಸ್ಟ್ರೋಕ್. ಮುಂದಿನ ಎಡಗೈ ಆಕ್ಸೆಂಟ್‌ಗೆ ಅದು ಅಲ್ಲಿಂದಲೇ ಹೊರಟಿದೆ. ನಂತರದ ಎರಡು ಬಲಗೈ ಟ್ಯಾಪ್‌ಗಳ ಹೊತ್ತಿಗೆ ಎಡಗೈ ಮೇಲೆ ಆರಾಮಾಗಿ ಇರಬೇಕು. ಇಲ್ಲಿ ಎಡವುವವರ ಎಡಗೈಯನ್ನೇ ಗಮನಿಸಿ, ಆ ಎರಡು ಟ್ಯಾಪ್ ಮುಗಿಯುವ ತನಕ ಕೆಳಗೇ ಮಲಗಿರುತ್ತದೆ.

ಒಂದು ಎಚ್ಚರಿಕೆ: ಡೌನ್ ಸ್ಟ್ರೋಕ್‌ನಲ್ಲಿ ಸ್ಟಿಕ್ ನಿಲ್ಲಿಸಬೇಕು ಅಂತ ಮುಷ್ಟಿ ಬಿಗಿಯಬೇಡಿ. ಪೆಟ್ಟು ಬಿದ್ದಮೇಲೆ ಹಿಂದಿನ ಬೆರಳುಗಳು ಮೆಲ್ಲಗೆ ಮುಚ್ಚಿಕೊಂಡರೆ ಸಾಕು. ಪೆಟ್ಟು ಬೀಳುವ ಮೊದಲೇ ಮುಚ್ಚಿದರೆ ಮತ್ತೆ ಅದೇ ಬಲದ ಕಥೆ.

ಸರಿಯಾಗುತ್ತಿದೆಯಾ ಅಂತ ತಿಳಿಯಲು ಫೋನನ್ನು ಪಕ್ಕಕ್ಕೆ ಇಟ್ಟು, ಸ್ಟಿಕ್ ತುದಿ ಕಾಣುವ ಹಾಗೆ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ನುಡಿಸುವಾಗ ಕಿವಿ ಆಕ್ಸೆಂಟ್ ಹಿಂದೆಯೇ ಹೋಗುತ್ತದೆ, ನಡುವಿನ ಟ್ಯಾಪ್‌ಗಳು ಏರುಪೇರಾದದ್ದು ಗೊತ್ತೇ ಆಗುವುದಿಲ್ಲ. ವಿಡಿಯೋದಲ್ಲಿ ಎದ್ದು ಕಾಣುತ್ತದೆ.

ಇಷ್ಟು ಹೇಳಿದಮೇಲೆ ಯಾರೂ ಕೇಳದ ಇನ್ನೊಂದು ಮಾತು ಹೇಳಲೇಬೇಕು: ಹೈ-ಹ್ಯಾಟ್, ಅಂದರೆ ಕಾಲಿನ ಪೆಡಲ್‌ನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್. ಸ್ನೇರ್ ಮೇಲೆ ಇದನ್ನೆಲ್ಲ ಕಲಿತವರೂ ಹೈ-ಹ್ಯಾಟ್‌ಗೆ ಬಂದಾಗ ಮತ್ತೆ ಬಡಿಯಲು ಶುರುಮಾಡುತ್ತಾರೆ. ಅಲ್ಲಿ ಎತ್ತರದ ಜೊತೆಗೆ ಇನ್ನೊಂದು ಅನುಕೂಲವಿದೆ: ಸ್ಟಿಕ್‌ನ ಯಾವ ಭಾಗ ತಾಗುತ್ತದೆ ಅನ್ನುವುದು. ತುದಿ ಮೇಲ್ಮೈಗೆ ತಾಗಿದರೆ ಸಣ್ಣ, ಚೊಕ್ಕ ಶಬ್ದ. ತುದಿಗಿಂತ ಹಿಂದಿನ ದಪ್ಪ ಭಾಗ ಅಂಚಿಗೆ ತಾಗಿದರೆ ಅಗಲವಾದ ಶಬ್ದ. ಹೀಗೆ ಅಂಚು, ಮೇಲ್ಮೈ, ಅಂಚು, ಮೇಲ್ಮೈ ಅಂತ ಎಂಟು ಪೆಟ್ಟು ನುಡಿಸಿದರೆ ಬಲ ಹಾಕದೆಯೇ ಆಕ್ಸೆಂಟ್ ಬಂದುಬಿಡುತ್ತದೆ. ಮಣಿಕಟ್ಟು ಅಂಚಿಗೆ ಇಳಿಯುವಾಗ ಡೌನ್, ಮೇಲ್ಮೈಯಲ್ಲಿ ತುದಿ ತಾಗಿಸಿ ಏಳುವಾಗ ಅಪ್. ಸ್ನೇರ್‌ನಲ್ಲಿ ಬಲಗೈ ‘ತ’ ಮತ್ತು ‘ಧಿ’ಗೆ ಮಾಡಿದ್ದೂ ಇದೇ ಚಲನೆ. ಮೊದಲು ಇದನ್ನು 60ರಲ್ಲಿ, ಒಂದು ಕ್ಲಿಕ್‌ಗೆ ಎರಡು ಪೆಟ್ಟಿನಂತೆ ನುಡಿಸಿ. ಅಂಚಿನ ಪೆಟ್ಟನ್ನು ಕ್ಲಿಕ್ ಮೇಲೆಯೇ ಕೂರಿಸಿ. ಅದು ಕೂತಮೇಲೆ ಅದಲು ಬದಲು ಮಾಡಿ, ಮೇಲ್ಮೈ ಕ್ಲಿಕ್ ಮೇಲೆ, ಅಂಚು ಎರಡು ಕ್ಲಿಕ್‌ಗಳ ನಡುವೆ. ಇದು ಮೊದಮೊದಲು ಕೈಗೆ ಬರುವುದಿಲ್ಲ. ಬರದಿದ್ದರೆ ವೇಗ ಇಳಿಸಿ, ಬಲ ಏರಿಸಬೇಡಿ.