ಪ್ರೈವೇಟ್ ಡಿಎನ್‌ಎಸ್ ಹಾಕಿದ್ದೀನಿ, ಆದರೂ ಆ್ಯಡ್ ಯಾಕೆ ಬರ್ತಿದೆ?

ಪ್ರಶ್ನೆ: ನಾನು ಬ್ಯಾಡಗಿಯವನು. ಮೆಣಸಿನಕಾಯಿ ರೇಟ್ ನೋಡೋಣ ಅಂತ ಫೋನ್ ತೆಗೆದರೆ ರೇಟ್‌ಗಿಂತ ಮೊದಲು ಆ್ಯಡ್ ಕಾಣುತ್ತೆ. ಒಂದು ವಿಡಿಯೊ ನೋಡಿ, ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಡ್ ತಡೆಯೋ ಪ್ರೈವೇಟ್ ಡಿಎನ್‌ಎಸ್ ಹಾಕಿಕೊಂಡೆ. ಕೆಲವು ಆ್ಯಪ್‌ಗಳಲ್ಲಿ ಆ್ಯಡ್ ನಿಂತವು. ಆದರೆ ಯೂಟ್ಯೂಬ್‌ನಲ್ಲಿ ನಿಲ್ಲಲಿಲ್ಲ, ಲಾಕ್ ಸ್ಕ್ರೀನ್ ಮೇಲೂ ಬರ್ತಾನೇ ಇವೆ. ಪೂರ್ತಿ ನಿಲ್ಲಿಸೋ ದಾರಿ ಇದೆಯಾ?

ಉತ್ತರ: ಒಂದೇ ಸೆಟ್ಟಿಂಗ್‌ನಲ್ಲಿ ಪೂರ್ತಿ ನಿಲ್ಲಿಸೋ ದಾರಿ ಇಲ್ಲ. ಆ್ಯಡ್ ಯಾವ ಬಾಗಿಲಿಂದ ಬರ್ತಿದೆ ಅಂತ ಮೊದಲು ಪತ್ತೆ ಮಾಡಬೇಕು. ಆಮೇಲೆ ಆ ಬಾಗಿಲಿಗೆ ಚಿಲಕ.

ಬೆಳಿಗ್ಗೆ ಮನೆಗೆ ಬರೋ ಪೇಪರ್ ನೆನಪಿಸಿಕೊಳ್ಳಿ. ಧಾರವಾಡದಲ್ಲಂತೂ ಪೇಪರ್ ಬಿಡಿಸಿದರೆ ಕೋಚಿಂಗ್ ಕ್ಲಾಸಿನ ಹ್ಯಾಂಡ್‌ಬಿಲ್ ಒಂದೆರಡಾದರೂ ಕೆಳಗೆ ಬೀಳುತ್ತವೆ. ಅವನ್ನು ಝಾಡಿಸಿ ಬಿಸಾಕಿದರೆ ಪೇಪರ್‌ಗೆ ಏನೂ ಆಗಲ್ಲ. ಎಲ್ಲೋ ಬೇರೆ ಕಡೆ ಅಚ್ಚಾಗಿದ್ದನ್ನು ಯಾರೋ ನಡುವೆ ಸೇರಿಸಿರ್ತಾರೆ, ಅಷ್ಟೇ. ಆದರೆ ಮೂರನೇ ಪುಟದಲ್ಲೇ ಅಚ್ಚಾದ ಸೀರೆ ಅಂಗಡಿಯ ಜಾಹೀರಾತು? ಅದನ್ನು ಕತ್ತರಿಸಿದರೆ ನಾಲ್ಕನೇ ಪುಟದ ಸುದ್ದಿಯೂ ಹೋಗುತ್ತೆ.

ಹವಾಮಾನ ಹೇಳೋ ಆ್ಯಪ್, ಕ್ಯಾಲೆಂಡರ್ ಆ್ಯಪ್, ಲೂಡೊ ಥರದ ಆಟ, ಬಹಳಷ್ಟು ವೆಬ್‌ಸೈಟ್‌ಗಳು — ಇವುಗಳಲ್ಲಿ ಬರೋದು ಹ್ಯಾಂಡ್‌ಬಿಲ್ ಥರದ ಆ್ಯಡ್. ಆ್ಯಪ್ ಒಂದು ಕಡೆಯದು, ಆ್ಯಡ್ ಇನ್ನೊಂದು ಕಂಪನಿಯ ಕಂಪ್ಯೂಟರ್‌ನಿಂದ ಬರುತ್ತೆ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಹಾಗಲ್ಲ. ಅಲ್ಲಿ ವಿಡಿಯೊ ಕಳಿಸೋ ಮನೆಯಿಂದಲೇ ಆ್ಯಡ್ ಕೂಡ ಬರುತ್ತೆ. ಪ್ರೈವೇಟ್ ಡಿಎನ್‌ಎಸ್‌ಗೆ ಝಾಡಿಸೋದು ಗೊತ್ತು, ಕತ್ತರಿಸೋದು ಗೊತ್ತಿಲ್ಲ.

ಹೇಗೆ ಅಂದ್ರೆ, ಫೋನ್‌ಗೆ ಯಾವ ವೆಬ್‌ಸೈಟ್‌ನ ವಿಳಾಸವೂ ತಾನಾಗೇ ಗೊತ್ತಿರಲ್ಲ. ಹೆಸರು ಹೇಳಿ, 'ಇದು ಎಲ್ಲಿದೆ?' ಅಂತ ಪ್ರತಿ ಸಲ ಯಾರನ್ನೋ ಕೇಳಬೇಕು. ಹಾಗೆ ವಿಳಾಸ ಹೇಳೋ ವ್ಯವಸ್ಥೆಯೇ ಡಿಎನ್‌ಎಸ್. ಸುಮ್ನೆ ಬಿಟ್ಟರೆ ಸಿಮ್ ಕಂಪನಿಯವರ ಡಿಎನ್‌ಎಸ್ಸೇ ಉತ್ತರ ಕೊಡುತ್ತೆ. ಅದರ ಬದಲು ಆ್ಯಡ್ ತಡೆಯೋ ಡಿಎನ್‌ಎಸ್ ಹಾಕಿಕೊಂಡರೆ, ಆ್ಯಡ್ ಕಂಪನಿಯ ಹೆಸರು ಕೇಳಿದಾಗ ಅದು 'ಅಂಥ ಅಂಗಡಿ ಇಲ್ಲೆಲ್ಲೂ ಇಲ್ಲ' ಅಂದುಬಿಡುತ್ತೆ. ಆ್ಯಡ್ ಬರಲ್ಲ, ಆ್ಯಪ್ ನಡೆಯುತ್ತೆ. ಯೂಟ್ಯೂಬ್‌ಗೆ ಹಾಗೆ ಅಂದರೆ ಆ್ಯಡ್ ಜೊತೆ ವಿಡಿಯೊನೂ ನಿಲ್ಲುತ್ತೆ. ಅದಕ್ಕೇ ಅದರ ತಂಟೆಗೆ ಹೋಗಲ್ಲ.

ಈ ಸೌಲಭ್ಯ 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚಿನ ಫೋನ್‌ಗಳಲ್ಲಿದೆ. ಬೇರೆ ಆ್ಯಪ್ ಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದು ಎಲ್ಲಿರುತ್ತೆ ಅನ್ನೋದು ಫೋನ್‌ನಿಂದ ಫೋನ್‌ಗೆ ಬೇರೆ. ಸೆಟ್ಟಿಂಗ್ಸ್‌ನ ಮೇಲ್ಗಡೆ ಹುಡುಕೋ ಜಾಗ ಇರುತ್ತಲ್ಲ, ಅಲ್ಲಿ 'ಪ್ರೈವೇಟ್ ಡಿಎನ್‌ಎಸ್' ಅಂತ ಇಂಗ್ಲಿಷ್‌ನಲ್ಲಿ ಬರೆದರೆ ತಾನಾಗೇ ಸಿಗುತ್ತೆ. ಅಲ್ಲಿ ಆಫ್, ಆಟೊಮ್ಯಾಟಿಕ್, ಹೋಸ್ಟ್‌ನೇಮ್ ಅಂತ ಮೂರು ಆಯ್ಕೆ. ಮೂರನೆಯದರಲ್ಲಿ ಆ್ಯಡ್ ತಡೆಯೋ ಡಿಎನ್‌ಎಸ್‌ನ ಹೆಸರು ತುಂಬಬೇಕು.

ಹೆಸರು ತುಂಬೋದು ಸುಲಭ ಅಂದುಕೊಂಡು ನಾನು ಒಂದು ಸಂಜೆ ಕಳೆದುಕೊಂಡೆ. ಹುಬ್ಬಳ್ಳಿಯಿಂದ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ಫೋನ್ ಕಟ್ ಮಾಡಿದ ಕೂಡಲೇ ಐದು ನಿಮಿಷದಾಗ ಲೋನ್ ಅಂತ ಬರತೈತೋ. ನಾ ಯಾವಾಗ ಸಾಲ ಕೇಳೇನಿ? ನಿಮ್ಮ ಕಾಕು ನನ್ನ ಸಂಶಯದಿಂದ ನೋಡಾಕತ್ತಾಳ." ಸರಿ, ಕಾಕುವಿನ ಫೋನ್‌ಗೆ ಕಾಲ್ ಮಾಡಿ ಮಾತಾಡ್ತಾ ಕಾಕಾನ ಫೋನ್‌ಗೆ ಡಿಎನ್‌ಎಸ್ ಹಾಕಿಸೋಣ ಅಂತ ಹೊರಟೆ. ಹೇಳಬೇಕಿದ್ದ ಹೆಸರು ಇಷ್ಟೇ: ಡಿಎನ್‌ಎಸ್ ಡಾಟ್ ಆ್ಯಡ್‌ಗಾರ್ಡ್ ಅಡ್ಡಗೆರೆ ಡಿಎನ್‌ಎಸ್ ಡಾಟ್ ಕಾಮ್. ಎಲ್ಲವೂ ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಎಲ್ಲೂ ಜಾಗ ಬಿಡಬಾರದು.

"ಅಡ್ಡಗೆರಿ ಅಂದ್ರ ಕೆಳಗಿಂದೊ, ನಡುವಿಂದೊ?"

"ನಡುವಿಂದು ಕಾಕಾ."

"ಗಾರ್ಡ್ ಅಂದ್ರ ನಮ್ಮ ರೈಲ್ವೆ ಗಾರ್ಡ್ ಹೌದಲ್ಲೊ?"

"ಅದೇ. ಜಿ, ಯು, ಎ, ಆರ್, ಡಿ."

ಯು ಒಂದು ಬಿಟ್ಟುಹೋಗಿತ್ತು. ಸೇವ್ ಒತ್ತಿದರು. ಫೋನ್ ಅದನ್ನು ಒಪ್ಪಿಕೊಂಡಿತು ಕೂಡ. ಆಮೇಲೆ, "ಆ್ಯಡೂ ಇಲ್ಲ, ವಾಟ್ಸಾಪೂ ಇಲ್ಲ, ನೆಟ್ಟೇ ಹೋತಲ್ಲೊ!" ಅಂದರು. ಇದು ನಿಮಗೂ ಆಗಬಹುದು, ಆಗ ಗಾಬರಿ ಬೇಡ. ಹೋಸ್ಟ್‌ನೇಮ್ ಅಂತ ಆರಿಸಿದ ಮೇಲೆ ಫೋನ್ ಆ ಒಂದು ಹೆಸರನ್ನೇ ನಂಬುತ್ತೆ. ಅಕ್ಷರ ತಪ್ಪಿದರೆ ವಿಳಾಸ ಹೇಳೋರು ಯಾರೂ ಇರಲ್ಲ, ಇಡೀ ನೆಟ್ ನಿಲ್ಲುತ್ತೆ. ವಾಪಸ್ ಆಟೊಮ್ಯಾಟಿಕ್‌ಗೆ ಹಾಕಿದರೆ ಮೊದಲಿನ ಹಾಗೆ ಬರುತ್ತೆ. ರೈಲ್ವೆ ಸ್ಟೇಷನ್, ಹೋಟೆಲ್‌ಗಳ ವೈಫೈಗೆ ಸೇರುವಾಗ ನಂಬರ್ ಕೇಳೋ ಪುಟ ತೆರೆಯದೆ ಕೂತರೂ ಇದೇ ಉಪಾಯ ಮಾಡಿ ನೋಡಿ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್‌ನ ಈ ತುದಿಯಿಂದ ಆ ತುದಿಗೆ ಸಿಗ್ನಲ್ ಹುಡುಕ್ತಾ ನಡೆಯೋದಕ್ಕಿಂತ ಅದು ಮೇಲು.

ಎರಡನೇ ಸಲಕ್ಕೆ ಹೆಸರು ಸರಿಯಾಯ್ತು. ಕಾಕಾ ನೋಡೋ ಪಂಚಾಂಗದ ಆ್ಯಪ್ ಸ್ವಚ್ಛವಾಯ್ತು. ಆದರೆ ಕಾಲ್ ಮುಗಿದ ಕೂಡಲೇ ಬರೋದು ನಿಲ್ಲಲಿಲ್ಲ. ಒಮ್ಮೆ ಬರೀ ಬಿಳಿ ಪರದೆ, ಒಮ್ಮೆ ಮತ್ತೆ ಅದೇ ಲೋನ್. ಯಾವ ಆ್ಯಪೂ ತೆರೆಯದೆ ಸುಮ್ನೆ ಇದ್ದಾಗ ಆ್ಯಡ್ ಬಂದರೆ ಅದು ಬೇರೆ ಕಾಯಿಲೆ. ಯಾವುದೋ ಒಂದು ಆ್ಯಪ್ ಬೇರೆ ಎಲ್ಲದರ ಮೇಲೆ ಬಂದು ಕೂರ್ತಿದೆ ಅಂತ ಅರ್ಥ. ಅದಕ್ಕೆ ಡಿಎನ್‌ಎಸ್ ಮದ್ದಲ್ಲ, ಆ ಆ್ಯಪನ್ನೇ ಹುಡುಕಿ ತೆಗೀಬೇಕು.

ಭಾನುವಾರ ಹೋದಾಗ ಕಾಕಾನ ಫೋನ್ ಕೈಗೆ ತಗೊಂಡೆ. ನನ್ನ ಫೋನ್‌ನಿಂದ ಕಾಲ್ ಮಾಡಿ ಕಟ್ ಮಾಡಿದೆ. ಲೋನ್ ಬಂತು. ಅದನ್ನು ಮುಚ್ಚಲಿಲ್ಲ. ಹಾಗೇ ಇಟ್ಟುಕೊಂಡು, ತೆರೆದ ಆ್ಯಪ್‌ಗಳನ್ನೆಲ್ಲ ಸಾಲಾಗಿ ತೋರಿಸೋ ರೀಸೆಂಟ್ಸ್ ಬಟನ್ ಒತ್ತಿದೆ. ಆ್ಯಡ್‌ನ ನೆತ್ತಿ ಮೇಲೆ ಒಂದು ಪುಟ್ಟ ಚಿತ್ರ ಇತ್ತು: ಹಳದಿ ಟಾರ್ಚ್. ಕಾಕಾಗೆ ನೆನಪಾಯ್ತು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬೆಳಕಿಗೆ ಇರಲಿ ಅಂತ ಹಾಕಿಕೊಂಡಿದ್ದ ಟಾರ್ಚ್ ಆ್ಯಪ್ ಅದು. ಫೋನ್‌ನಲ್ಲೇ ಟಾರ್ಚ್ ಇರುತ್ತೆ ಅಂತ ತೋರಿಸಿದೆ. ಕಾಕು ಒಮ್ಮೆ ಕಾಕಾನ ಮುಖ ನೋಡಿ ಚಹಾ ತರಲು ಒಳಗೆ ಹೋದರು.

ರೀಸೆಂಟ್ಸ್‌ನಲ್ಲಿ ಚಿತ್ರ ಕಾಣದಿದ್ದರೆ ಇನ್ನೊಂದು ದಾರಿ. ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್' ಅಂತ ಹುಡುಕಿ. ಬೇರೆ ಆ್ಯಪ್ ಮೇಲೆ ಬಂದು ಕೂರಲು ಯಾರ್‍ಯಾರಿಗೆ ಅನುಮತಿ ಇದೆ ಅನ್ನೋ ಪಟ್ಟಿ ಅದು. ಟಾರ್ಚ್, ವಾಲ್‌ಪೇಪರ್, ಕ್ಲೀನರ್, ಫೈಲ್ ಮ್ಯಾನೇಜರ್ ಅಂತೆಲ್ಲ ಅಲ್ಲಿದ್ದರೆ ಅನುಮತಿ ತೆಗೆಯಿರಿ. ಬೇಡದ್ದಾದರೆ ಅನ್‌ಇನ್‌ಸ್ಟಾಲ್ ಮಾಡಿ. 'ಪ್ಲೇ ಸ್ಟೋರ್‌ನಿಂದ ತಗೊಂಡಿದ್ದೀನಿ, ಅದ್ಯಾಕೆ ಹೀಗೆ ಮಾಡುತ್ತೆ' ಅಂತ ಹೇಳೋರು ಬಹಳ ಜನ. 2020ರ ಫೆಬ್ರವರಿಯಲ್ಲಿ ಇಂಥ ಕಾಟದ ಆ್ಯಡ್ ತೋರಿಸ್ತಿದ್ದ ಸುಮಾರು 600 ಆ್ಯಪ್‌ಗಳನ್ನು ಗೂಗಲ್ ಪ್ಲೇ ಸ್ಟೋರ್‌ನಿಂದಲೇ ತೆಗೆದುಹಾಕಿತ್ತು. ಅಂದ್ರೆ ಅಲ್ಲಿವರೆಗೆ ಅವೂ ಅಲ್ಲೇ ಇದ್ದವು, ಅಲ್ವಾ?

ಇನ್ನು ಬ್ರೌಸರ್. ನಿಮ್ಮ ರೇಟ್ ಪುಟದ ತೊಂದರೆ ಇಲ್ಲೇ ಇರೋದು ಅನ್ನಿಸುತ್ತೆ. ಪ್ರೈವೇಟ್ ಡಿಎನ್‌ಎಸ್ ಹಾಕಿದ ಮೇಲೂ ಕ್ರೋಮ್‌ನಲ್ಲಿ ಆ್ಯಡ್ ಬರ್ತಿದ್ದರೆ ಒಂದು ಕಡೆ ನೋಡಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ 'ಯೂಸ್ ಸೆಕ್ಯೂರ್ ಡಿಎನ್‌ಎಸ್' ಅಂತ ಇರುತ್ತೆ. ಅಲ್ಲಿ ಬೇರೆ ಕಂಪನಿ ಆರಿಸಿಟ್ಟಿದ್ದರೆ ಕ್ರೋಮ್ ನಿಮ್ಮ ಡಿಎನ್‌ಎಸ್ ಬಿಟ್ಟು ಅದನ್ನೇ ಕೇಳುತ್ತೆ. ಮೊದಲಿದ್ದ ಹಾಗೆ ಆಟೊಮ್ಯಾಟಿಕ್‌ಗೆ ತನ್ನಿ.

ಆದರೂ ಬ್ರೌಸರ್‌ಗೆ ನನ್ನ ಸಲಹೆ ಬೇರೆ. ಫೋನ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಶನ್, ಅಂದ್ರೆ ಬ್ರೌಸರ್‌ಗೆ ಸೇರಿಸಿಕೊಳ್ಳೋ ಪುಟ್ಟ ಸೌಲಭ್ಯ, ಹಾಕಲು ಬರಲ್ಲ, ಫೈರ್‌ಫಾಕ್ಸ್‌ಗೆ ಬರುತ್ತೆ. ಫೈರ್‌ಫಾಕ್ಸ್‌ನ ಮೆನುನಲ್ಲಿ ಎಕ್ಸ್‌ಟೆನ್ಶನ್ಸ್‌ಗೆ ಹೋಗಿ 'ಯುಬ್ಲಾಕ್ ಆರಿಜಿನ್' ಸೇರಿಸಿಕೊಳ್ಳಿ. ರೇಮಂಡ್ ಹಿಲ್ ಅನ್ನೋರು 2014ರಿಂದ ನಡೆಸಿಕೊಂಡು ಬಂದಿರೋ ಯೋಜನೆ. ದುಡ್ಡಿಲ್ಲ, ದೇಣಿಗೆ ಕೊಡ್ತೀನಿ ಅಂದರೂ ಅವರು ತಗೊಳ್ಳಲ್ಲ. ಡಿಎನ್‌ಎಸ್ ಆ್ಯಡ್ ತಡೆದರೂ ಅದರ ಖಾಲಿ ಡಬ್ಬಿ ಪುಟದಲ್ಲಿ ಹಾಗೇ ಉಳಿಯುತ್ತೆ. ಯುಬ್ಲಾಕ್ ಪುಟದ ಒಳಗೇ ಕೂತು ಕೆಲಸ ಮಾಡೋದರಿಂದ ಆ ಡಬ್ಬಿಯನ್ನೂ ಮಡಚಿಡುತ್ತೆ. ಹೇಳಿದೆನಲ್ಲ, ಅಚ್ಚಾದ ಜಾಹೀರಾತು ಕತ್ತರಿಸೋದು ಅಂತ, ಆ ಕತ್ತರಿ ಇದರ ಹತ್ತಿರ ಇದೆ. ಇಷ್ಟೆಲ್ಲ ಬೇಡ ಅಂದರೆ ಬ್ರೇವ್ ಬ್ರೌಸರ್ ಇದೆ. ಅದರಲ್ಲಿ ತಡೆ ಮೊದಲೇ ಕೂತಿರುತ್ತೆ, ಏನೂ ಸೇರಿಸಬೇಕಿಲ್ಲ.

ಒಂದು ಮಾತು. ಸಣ್ಣ ಕನ್ನಡ ಸೈಟ್‌ಗಳು ಈ ಆ್ಯಡ್‌ಗಳ ದುಡ್ಡಲ್ಲೇ ನಡೆಯೋದು. ಓದೋಕೆ ಅಡ್ಡಿ ಮಾಡದ, ನಿಮಗೆ ಬೇಕಾದ ಸೈಟ್ ಇದ್ದರೆ ಅದೊಂದಕ್ಕೆ ಯುಬ್ಲಾಕ್ ಆಫ್ ಮಾಡಿ. ನಾನು ಎರಡು ಮೂರಕ್ಕೆ ಹಾಗೆ ಮಾಡಿದ್ದೀನಿ. ಪರದೆ ತುಂಬ ಬಂದು, ಮುಚ್ಚೋ ಗುರುತನ್ನು ಸಾಸಿವೆ ಕಾಳಿನಷ್ಟು ಮಾಡಿಡೋರಿಗೆ ಆ ಮರ್ಯಾದೆ ಇಲ್ಲ.

ಯೂಟ್ಯೂಬ್‌ಗೆ ಬರೋಣ. ಆ್ಯಪ್ ಬಿಟ್ಟು, ಯುಬ್ಲಾಕ್ ಇರೋ ಫೈರ್‌ಫಾಕ್ಸ್‌ನಲ್ಲೇ ಯೂಟ್ಯೂಬ್ ತೆರೆದರೆ ಬಹುತೇಕ ಆ್ಯಡ್ ನಿಲ್ಲುತ್ತವೆ. ಆದರೆ ಇದು ಅವರ ನಿಯಮಕ್ಕೆ ವಿರುದ್ಧ. 2023ರಿಂದ ಇಂಥವರಿಗೆ ಎಚ್ಚರಿಕೆ ತೋರಿಸಿ ವಿಡಿಯೊ ನಿಲ್ಲಿಸೋದೂ ಶುರುವಾಗಿದೆ. ಇವತ್ತು ನಡೆದದ್ದು ನಾಳೆ ನಡೀದೇ ಇರಬಹುದು. ದುಡ್ಡು ಕೊಡೋ ದಾರಿ ಪ್ರೀಮಿಯಂ. 2024ರ ಆಗಸ್ಟ್‌ನಲ್ಲಿ ಒಬ್ಬರಿಗೆ ತಿಂಗಳಿಗೆ 149 ರೂಪಾಯಿ ಮಾಡಿದರು. ಮನೆಯಲ್ಲಿ ದಿನವಿಡೀ ಯೂಟ್ಯೂಬ್ ಹಾಡುತ್ತಿದ್ದರೆ ಲೆಕ್ಕ ಹಾಕಿ ನೋಡಿ. 'ಆ್ಯಡ್ ಇಲ್ಲದ ಯೂಟ್ಯೂಬ್' ಅಂತ ವಾಟ್ಸಾಪ್‌ನಲ್ಲಿ ಬರೋ ಫೈಲನ್ನು ಮಾತ್ರ ಹಾಕಿಕೊಳ್ಳಬೇಡಿ. ಅಂಥ ಆ್ಯಪ್‌ಗಳಲ್ಲಿ ವ್ಯಾನ್ಸ್ಡ್ ಅನ್ನೋದು ಹೆಸರಾಗಿತ್ತು, ಗೂಗಲ್ ಕಾನೂನಿನ ಮಾತೆತ್ತಿದ ಮೇಲೆ 2022ರ ಮಾರ್ಚ್‌ನಲ್ಲಿ ಅದನ್ನು ಮಾಡಿದವರೇ ನಿಲ್ಲಿಸಿದರು. ಈಗ ಅಂಥ ಹೆಸರಿಟ್ಟುಕೊಂಡು ಓಡಾಡೋ ಫೈಲ್‌ನ ಒಳಗೆ ಯಾರು ಏನು ಸೇರಿಸಿದ್ದಾರೆ ಅಂತ ಹೇಳೋಕಾಗಲ್ಲ. ಅದೇ ಫೋನ್‌ನಲ್ಲಿ ನಿಮ್ಮ ಬ್ಯಾಂಕ್ ಆ್ಯಪೂ ಇದೆ.

ಲಾಕ್ ಸ್ಕ್ರೀನ್‌ದು ಫೋನ್ ಕಂಪನಿಯವರೇ ಇಟ್ಟ ಬಾಗಿಲು. ಸೆಟ್ಟಿಂಗ್ಸ್‌ನಲ್ಲಿ 'ಗ್ಲಾನ್ಸ್' ಅಂತ ಹುಡುಕಿ ಆಫ್ ಮಾಡಿ. ಬಹಳ ಫೋನ್‌ಗಳಲ್ಲಿ ಅದೇ ಇರೋದು. ಕೆಲವು ಶಿಯೋಮಿ ಫೋನ್‌ಗಳಲ್ಲಿ 'ವಾಲ್‌ಪೇಪರ್ ಕರೌಸೆಲ್' ಅಂತ ಕಾಣುತ್ತೆ. ಶಿಯೋಮಿ, ರೆಡ್ಮಿ ಆದರೆ ಇನ್ನೊಂದಿದೆ: ಪಾಸ್‌ವರ್ಡ್ಸ್ ಅಂಡ್ ಸೆಕ್ಯುರಿಟಿಯಲ್ಲಿ 'ಆಥರೈಸೇಶನ್ ಅಂಡ್ ರಿವೊಕೇಶನ್'. ಅಲ್ಲಿ 'ಎಂಎಸ್‌ಎ' ಅಂತ ಇರೋದು ಫೋನ್‌ನ ಸ್ವಂತ ಆ್ಯಪ್‌ಗಳಲ್ಲಿ ಆ್ಯಡ್ ತೋರಿಸೋ ವ್ಯವಸ್ಥೆ, ಅದನ್ನು ಆಫ್ ಮಾಡಿ. ನೆಟ್ ಆನ್ ಇರಲಿ, ಹತ್ತು ಸೆಕೆಂಡ್ ಕಾಯಿಸುತ್ತೆ. ಒಂದೇ ಸಲಕ್ಕೆ ಆಗದೆ ಇರೋದೂ ಉಂಟು, ಇನ್ನೊಮ್ಮೆ ಒತ್ತಿ.

'ನಿಮ್ಮ ಫೋನ್‌ನಲ್ಲಿ ವೈರಸ್ ಇದೆ' ಅಂತ ಮೇಲ್ಗಡೆ ಟಣ್ ಅಂತ ಬರುತ್ತಲ್ಲ, ಅದು ವೈರಸ್ಸೂ ಅಲ್ಲ, ಎಚ್ಚರಿಕೆಯೂ ಅಲ್ಲ. ಎಂದೋ ಯಾವುದೋ ಸೈಟ್ ಕೇಳಿದಾಗ 'ಅಲೋ' ಒತ್ತಿರ್ತೀರಿ, ಅದರ ಫಲ. ಕ್ರೋಮ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್, ಗೊತ್ತಿಲ್ಲದ ಹೆಸರನ್ನೆಲ್ಲ ಬ್ಲಾಕ್ ಮಾಡಿ.

ಡಿಎನ್‌ಎಸ್ ಬಗ್ಗೆ ಇನ್ನೆರಡು ವಿಷಯ ಗೊತ್ತಿರಲಿ. ನೀವು ಯಾವ ಯಾವ ಸೈಟ್‌ನ ವಿಳಾಸ ಕೇಳ್ತೀರಿ ಅನ್ನೋದು ಆ ಡಿಎನ್‌ಎಸ್ ನಡೆಸೋರಿಗೆ ಕಾಣುತ್ತೆ. ಒಳಗೆ ಏನು ಓದಿದಿರಿ ಅನ್ನೋದು ಕಾಣಲ್ಲ. ಕಾಕಾಗೆ ಹಾಕಿಸಿದ ಡಿಎನ್‌ಎಸ್ ನಡೆಸೋ ಆ್ಯಡ್‌ಗಾರ್ಡ್ ಸೈಪ್ರಸ್‌ನಲ್ಲಿರೋ ಕಂಪನಿ. ಹೆಸರೇ ಕೇಳದ ಯಾವುದೋ ಡಿಎನ್‌ಎಸ್ ಹಾಕಿಕೊಳ್ಳೋದಕ್ಕಿಂತ ಇಂಥ ಗೊತ್ತಿರೋದು ವಾಸಿ. ಎರಡನೆಯದು ಮಕ್ಕಳಿರೋ ಮನೆಗೆ. ಆ್ಯಡ್ ನೋಡಿದರೆ ಕಾಯಿನ್ ಕೊಡ್ತೀವಿ ಅನ್ನೋ ಆಟಗಳಲ್ಲಿ ಆ್ಯಡೇ ಬರಲ್ಲ, ಹಾಗಾಗಿ ಕಾಯಿನ್ನೂ ಬರಲ್ಲ. ನಮ್ಮ ಅಕ್ಕನ ಮಗ ಅದಕ್ಕೇ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ಅಂದ ಹಾಗೆ, ನಾನು ಯೂಟ್ಯೂಬ್‌ಗೆ ಏನೂ ಮಾಡಿಲ್ಲ. ಐದು ಸೆಕೆಂಡ್ ಕಾದು ಸ್ಕಿಪ್ ಒತ್ತುತ್ತೀನಿ.